ಸಾಲವನ್ನು ಸೆರಗಿನಲ್ಲಿ ಮುಚ್ಚಿಡಬೇಡಿ



ಈ ಸಲ ಹಪ್ಪಳ, ಸಂಡಿಗೆಯ ಬಗ್ಗೆ ಬರೆಯುತ್ತೇನೆಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಅದನ್ನು ಮುಂದಕ್ಕೆ ಹಾಕಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಕಾರಣ, ಒಂದು ಪತ್ರ.

ಬರೆದವರ ಹೆಸರು, ಊರು ಇಲ್ಲಿ ಬೇಡ. ಅವರ ಯಜಮಾನರು ಮನೆ ಬಿಟ್ಟು ಹೋಗಿ ಎಂಟು ತಿಂಗಳಾಯಿತಂತೆ. ಮನೆ ಕಟ್ಟಲು ಮಾಡಿದ ಬ್ಯಾಂಕ್ ಸಾಲ ಇಬ್ಬರ ಹೆಸರಿನಲ್ಲೂ ಇದೆ. ಕಂತು ಕಟ್ಟಲು ಅಲ್ಲಿ ಇಲ್ಲಿ ಕೈಸಾಲ ಮಾಡಿದ್ದಾರೆ. "ಮನೆ ಉಳಿಸಿಕೊಳ್ಳಲು ಇನ್ನೊಂದು ಸಾಲ ಮಾಡಬಹುದೇ ಅಕ್ಕಾ? ಯಾರ ಹತ್ತಿರವೂ ಹೇಳಿಕೊಂಡಿಲ್ಲ" ಎಂದು ಕೇಳಿದ್ದಾರೆ.

ಆ ಕೊನೆಯ ಮಾತು ಓದಿದಾಗ ನನ್ನ ಕೈ ನಡುಗಿತು. ಏಕೆಂದರೆ ನಾನೂ ಹೇಳಿಕೊಂಡಿರಲಿಲ್ಲ. ನಿಮಗೂ ಹೇಳಿರಲಿಲ್ಲ. ಎಣ್ಣೆ ಹೇಗೆ ಉಳಿಸಬೇಕು, ಹಳೇ ಸೀರೆಯಲ್ಲಿ ಕೌದಿ ಹೇಗೆ ಹೊಲಿಯಬೇಕು ಎಂದೆಲ್ಲ ಈ ಪುಟದಲ್ಲಿ ಬುದ್ಧಿ ಹೇಳುತ್ತಿದ್ದ ದಿನಗಳಲ್ಲೇ ನಾನು ಕುತ್ತಿಗೆಯವರೆಗೆ ಸಾಲದಲ್ಲಿದ್ದೆ. ಇವತ್ತು ಅದನ್ನು ಹೇಳಿಬಿಡುತ್ತೇನೆ. ಆ ಸೋದರಿಗೆ ಕೊಡಬೇಕಾದ ಉತ್ತರವೂ ಅದರಲ್ಲೇ ಇದೆ.

ನಮ್ಮದು ತಿಪಟೂರು. ಮೂವತ್ತು ನಲವತ್ತರ ನಿವೇಶನದಲ್ಲಿ 2015ರಲ್ಲಿ ಮನೆ ಕಟ್ಟಿದೆವು. ಬ್ಯಾಂಕಿನಿಂದ 12 ಲಕ್ಷ ಸಾಲ, 20 ವರ್ಷದ ಅವಧಿ, ತಿಂಗಳಿಗೆ ಸುಮಾರು 11,600 ರೂಪಾಯಿ ಕಂತು. ಮನೆ ಇಬ್ಬರ ಹೆಸರಿನಲ್ಲಿ, ಸಾಲವೂ ಇಬ್ಬರ ಹೆಸರಿನಲ್ಲಿ. ಸಹಿ ಹಾಕುವಾಗ ನನಗೆ ಹೆಮ್ಮೆಯೇ ಆಗಿತ್ತು. ಎಸ್ಸೆಸ್ಸೆಲ್ಸಿ ಓದಿದ ನನ್ನ ಸಹಿಗೂ ಬ್ಯಾಂಕಿನಲ್ಲಿ ಬೆಲೆ ಇದೆಯಲ್ಲ ಎಂದು!

2021ರ ಜೂನ್‌ನಲ್ಲಿ ಅವರು ಬೆಂಗಳೂರಿಗೆ ಹೋದರು. ಕೆಲಸಕ್ಕೆಂದು ಹೋದವರು ಬೇರೆ ಸಂಸಾರ ಹೂಡಿದರು. (ಇಷ್ಟಾದರೂ ಅವರನ್ನು ಏಕವಚನದಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ಅಭ್ಯಾಸ.) ಮೊದಲ ಎರಡು ತಿಂಗಳು ಕಂತು ಕಟ್ಟಿದರು. ಆಮೇಲೆ ಮನಸ್ಸು ಬಂದಾಗ ಐದು ಸಾವಿರ ಕಳಿಸುತ್ತಿದ್ದರು. ನಾನು ರವಿಕೆ ಹೊಲಿದು, ಸೀರೆಗೆ ಫಾಲ್ಸ್ ಹಚ್ಚಿ ಏಳು ಸಾವಿರ ದುಡಿಯುತ್ತಿದ್ದೆ.

ನೆರೆಯವರಿಗೆ ಏನು ಹೇಳಿದೆ ಗೊತ್ತೇ? "ಅವರಿಗೆ ಬೆಂಗಳೂರಿಗೆ ವರ್ಗ ಆಗಿದೆ, ಮಗಳ ಓದಿಗೋಸ್ಕರ ನಾವು ಇಲ್ಲೇ ಇದೀವಿ." ಈ ಒಂದು ಸುಳ್ಳನ್ನು ಉಳಿಸಿಕೊಳ್ಳುವುದಕ್ಕೇ ನನ್ನ ಅರ್ಧ ಸಾಲ ಆಯಿತು. ವರ್ಗವಾದವರ ಹೆಂಡತಿ ಕಂತು ತಪ್ಪಿಸುವಂತಿಲ್ಲ. ಅಂಗಡಿಯಲ್ಲಿ ಲೆಕ್ಕ ಹಾಕಿ ಸಾಮಾನು ತರುವಂತಿಲ್ಲ. ಮದುವೆ ಮುಂಜಿಗೆ ಬರಿಗೈಲಿ ಹೋಗುವಂತಿಲ್ಲ. ಸರ ಅಡವಿಟ್ಟೆ. ಪರಿಚಯದವರೊಬ್ಬರ ಹತ್ತಿರ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದೆ. ಭದ್ರತೆಗೆಂದು ಎರಡು ಖಾಲಿ ಚೆಕ್ಕಿಗೆ ಸಹಿ ಮಾಡಿಕೊಟ್ಟೆ. ಆ ಬಡ್ಡಿ ಕಟ್ಟಲು ಮಹಿಳೆಯರ ಗುಂಪಿನಲ್ಲಿ ಸಾಲ ತೆಗೆದೆ. ಗುಂಪಿನ ಕಂತಿಗೆ ಚೀಟಿ ಕೂಗಿ ಎತ್ತಿದೆ. ಸರ ಇಲ್ಲದ ಕತ್ತು ಕಾಣಬಾರದೆಂದು ಒಂದು ಗ್ರಾಂ ಚಿನ್ನದ ಸರ ಕೊಂಡು ಹಾಕಿಕೊಂಡೆ.

2022ರ ಡಿಸೆಂಬರ್‌ನಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆವು. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಮಗಳು ನನ್ನ ಕತ್ತನ್ನೇ ನೋಡುತ್ತಾ ಮೆಲ್ಲಗೆ ಅಂದಳು, "ಅಮ್ಮಾ, ಸರ ಕಪ್ಪಾಗಿದೆ." ನಾನು ಸೆರಗು ಎಳೆದುಕೊಂಡೆ. ಅವಳು ಮತ್ತೆ ಮಾತಾಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಎಷ್ಟಿದೆಯಮ್ಮಾ ಒಟ್ಟು?"

ಸೋದರಿಯರೇ, ನನಗೆ ಉತ್ತರ ಗೊತ್ತಿರಲಿಲ್ಲ. ಒಂದೂವರೆ ವರ್ಷ ಸಾಲ ಮಾಡಿದವಳಿಗೆ ಒಟ್ಟು ಎಷ್ಟೆಂದು ಗೊತ್ತಿರಲಿಲ್ಲ! ಒಟ್ಟು ಮಾಡಲು ಹೆದರಿಕೆ.

ಆ ರಾತ್ರಿ ಅವಳ ಹಳೆಯ ನೋಟ್ ಪುಸ್ತಕದ ಉಳಿದ ಹಾಳೆಗಳಲ್ಲಿ ಬರೆದೆವು. ನಾನು ಹೇಳುವುದು, ಅವಳು ಬರೆಯುವುದು. ಚಿನ್ನದ ಮೇಲಿನ ಸಾಲ 90,000. ಕೈಸಾಲ 60,000. ಗುಂಪಿನ ಸಾಲ 40,000. ಚೀಟಿಗೆ ಕಟ್ಟಬೇಕಾದ ಬಾಕಿ 22,500. ದಿನಸಿ ಅಂಗಡಿ 11,400. ಅವಳದೇ ಕಾಲೇಜಿನ ಶುಲ್ಕ 14,000. ಮನೆಸಾಲದ ಎರಡು ಕಂತು ಬಾಕಿ 23,200. ಒಟ್ಟು 2,61,100 ರೂಪಾಯಿ. ಇದು ಮನೆಸಾಲದ ಅಸಲನ್ನು ಬಿಟ್ಟು!

ಎದುರು ಹಾಳೆಯಲ್ಲಿ ತಿಂಗಳ ಲೆಕ್ಕ ಬರೆದೆವು. ಬರುವುದು ನನ್ನ ಏಳು, ಅವರ ಐದು, ಒಟ್ಟು 12,000. ಸಾಲಗಳಿಗೆ ಹೋಗುವುದು 18,900. ಊಟ, ಕರೆಂಟು, ಗ್ಯಾಸು ಸೇರಿ 7,000. ಅಂದರೆ ಪ್ರತಿ ತಿಂಗಳೂ 13,900 ರೂಪಾಯಿ ಕಡಿಮೆ. ಆ ಹಳ್ಳವನ್ನು ಹೊಸ ಸಾಲದಿಂದ ತುಂಬುತ್ತಿದ್ದೆ. ತುಂಬುತ್ತಿದ್ದೇನೆ ಅಂದುಕೊಂಡಿದ್ದೆ, ನಿಜಕ್ಕೂ ತೋಡುತ್ತಿದ್ದೆ.

ಪತ್ರ ಬರೆದ ಸೋದರಿಗೆ ನನ್ನ ಮೊದಲ ಮಾತು ಇದು. ಇನ್ನೊಂದು ಸಾಲ ಮಾಡಬಹುದೇ ಎಂದು ಕೇಳುವ ಮೊದಲು ಇರುವ ಸಾಲವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ. ಒಬ್ಬರನ್ನಾದರೂ ಎದುರು ಕೂರಿಸಿಕೊಂಡು ಬರೆಯಿರಿ. ಒಬ್ಬಳೇ ಬರೆದರೆ ಒಂದೆರಡನ್ನು ಬಿಟ್ಟುಬಿಡುತ್ತೀರಿ. ನಾನು ಅಂಗಡಿ ಬಾಕಿಯನ್ನು ಬಿಟ್ಟಿದ್ದೆ, ಮಗಳು ನೆನಪಿಸಿದಳು.

ಎರಡನೆಯದು, ಬಡ್ಡಿಯನ್ನು ನಮ್ಮ ಭಾಷೆಗೆ ತನ್ನಿ. ವರ್ಷಕ್ಕೆ ಶೇಕಡಾ ಇಷ್ಟು ಎಂದರೆ ನಮಗೆ ತಲೆಗೆ ಹೋಗುವುದಿಲ್ಲ. ನೂರು ರೂಪಾಯಿಗೆ ತಿಂಗಳಿಗೆ ಎಷ್ಟು ಎಂದು ಲೆಕ್ಕ ಹಾಕಿ. ಮನೆಸಾಲ ಶೇಕಡಾ 9 ಎಂದರೆ ನೂರಕ್ಕೆ ಮುಕ್ಕಾಲು ರೂಪಾಯಿ. ನನ್ನ ಚಿನ್ನದ ಸಾಲ ಶೇಕಡಾ 12, ಅಂದರೆ ಒಂದು ರೂಪಾಯಿ. ಗುಂಪಿನ ಸಾಲ ಶೇಕಡಾ 24, ಎರಡು ರೂಪಾಯಿ. ಕೈಸಾಲ ಮೂರು ರೂಪಾಯಿ, ಅಂದರೆ ವರ್ಷಕ್ಕೆ ಶೇಕಡಾ 36! ಅರವತ್ತು ಸಾವಿರಕ್ಕೆ ತಿಂಗಳಿಗೆ 1,800ರಂತೆ 16 ತಿಂಗಳಲ್ಲಿ 28,800 ಕಟ್ಟಿದ್ದೆ. ಅಸಲಿನಲ್ಲಿ ಒಂದು ಕಾಸೂ ಕರಗಿರಲಿಲ್ಲ. ಮನೆಸಾಲದ ಕಂತು ಉಳಿಸಲು ಮೂರು ರೂಪಾಯಿ ಬಡ್ಡಿಗೆ ತಂದು ಮುಕ್ಕಾಲು ರೂಪಾಯಿ ಬಡ್ಡಿಯ ಸಾಲಕ್ಕೆ ಕಟ್ಟುತ್ತಿದ್ದೆ. ಬೆಣ್ಣೆ ಮಾರಿ ಮಜ್ಜಿಗೆ ಕೊಂಡ ಹಾಗೆ.

"ಫ್ಲ್ಯಾಟ್ ಬಡ್ಡಿ" ಎಂದು ಯಾರಾದರೂ ಹೇಳಿದರೆ ಎಚ್ಚರ. ನೀವು ಅಸಲು ತೀರಿಸುತ್ತಾ ಹೋದರೂ ಕೊನೆಯವರೆಗೆ ಪೂರ್ತಿ ಮೊತ್ತದ ಮೇಲೇ ಬಡ್ಡಿ ಹಾಕುತ್ತಾರೆ. ಕಂತಿನಲ್ಲಿ ತೀರಿಸುವ ಸಾಲಕ್ಕೆ ಹೀಗೆ ಶೇಕಡಾ 12 ಎಂದರೆ, ನಿಜವಾಗಿ ಅದು ಹತ್ತಿರ ಹತ್ತಿರ ಅದರ ಎರಡರಷ್ಟು ಬೀಳುತ್ತದೆ.

ಮಾರನೆಯ ದಿನ ಅರಸೀಕೆರೆಯಲ್ಲಿರುವ ಅಣ್ಣನಿಗೆ ಫೋನು ಮಾಡಿದೆ. ಬೆಳಗಿನ ರೈಲಿಗೇ ಬಂದ. ಪುಸ್ತಕ ನೋಡಿ ಬಹಳ ಹೊತ್ತು ಸುಮ್ಮನಿದ್ದ. "ಏನೇ ಇದು, ಇಷ್ಟನ್ನೂ ಒಬ್ಳೇ ಹೊತ್ಕೊಂಡು ಕೂತಿದ್ಯಲ್ಲೇ" ಅಂದ. ಅವನು ಬೈಯುತ್ತಾನೆಂದು ಒಂದೂವರೆ ವರ್ಷ ಹೆದರಿದ್ದೆ. ಅವನು ಬೈಯಲಿಲ್ಲ. ಅವನ ಹತ್ತಿರವೂ ದೊಡ್ಡ ಹಣವಿರಲಿಲ್ಲ, ಕೊಟ್ಟದ್ದು ಹತ್ತು ಸಾವಿರ. ಆದರೆ ಜೊತೆಗೆ ಬ್ಯಾಂಕಿಗೆ ಬಂದ. ಅದೇ ದೊಡ್ಡದು.

ಬ್ಯಾಂಕಿನಲ್ಲಿ ತಿಳಿದದ್ದನ್ನು ಗುರುತು ಹಾಕಿಕೊಳ್ಳಿ. ಗಂಡ ಹೆಂಡತಿ ಬೇರೆಯಾದರೂ, ವಿಚ್ಛೇದನವೇ ಆದರೂ, ಜಂಟಿ ಸಾಲ ಬೇರೆಯಾಗುವುದಿಲ್ಲ. ಬ್ಯಾಂಕು ಪೂರ್ತಿ ಬಾಕಿಯನ್ನು ಇಬ್ಬರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. "ಅರ್ಧ ಅವರದು" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಒಬ್ಬರ ಹೆಸರು ತೆಗೆಯಬೇಕಾದರೆ ಬ್ಯಾಂಕು ಒಪ್ಪಬೇಕು; ಉಳಿಯುವವರ ಆದಾಯ ಸಾಲುತ್ತದೆಯೇ ಎಂದು ನೋಡುತ್ತಾರೆ.

ಕಂತು ಬಾಕಿಯಾಗಿ 90 ದಿನ ದಾಟಿದರೆ ಸಾಲ ಎನ್‌ಪಿಎ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು 60 ದಿನದ ನೋಟಿಸು ಕೊಡಬಹುದು. ನೋಟಿಸು ಬಂದ ಮರುದಿನವೇ ಮನೆ ಹೋಗುವುದಿಲ್ಲ. ಆ 60 ದಿನದಲ್ಲಿ ನಿಮ್ಮ ಆಕ್ಷೇಪವನ್ನು ಬರೆದು ಕೊಡಬಹುದು, 15 ದಿನದಲ್ಲಿ ಅವರು ಉತ್ತರ ಕೊಡಬೇಕು. ಆದರೆ ನೋಟಿಸನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟರೆ ದಿನಗಳು ಹಾಗೇ ಕಳೆದುಹೋಗುತ್ತವೆ. ನಾನು ಎರಡು ಕಂತು ತಪ್ಪಿದಾಗ ಹೋದೆ. ಮೂರನೆಯದು ತಪ್ಪಿದ್ದರೆ ಮಾತುಕತೆ ಬೇರೆಯೇ ಇರುತ್ತಿತ್ತು.

ಮ್ಯಾನೇಜರು ಪುಸ್ತಕವನ್ನು ತಿರುವಿ ನೋಡಿದರು. ಅಸಲು ಇನ್ನೂ ಹತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ ಇತ್ತು. ಬಾಕಿ ಎರಡು ಕಂತು ಕಟ್ಟಿದರೆ, ಉಳಿದ ಅವಧಿಯನ್ನು 18 ವರ್ಷಕ್ಕೆ ಹಿಗ್ಗಿಸಿ ಕಂತನ್ನು 9,300ಕ್ಕೆ ಇಳಿಸಬಹುದೆಂದರು. ಇದು ಪುಕ್ಕಟೆ ಅಲ್ಲ, ಒಟ್ಟಾರೆ ಎರಡೂವರೆ ಲಕ್ಷಕ್ಕೂ ಹೆಚ್ಚು ಕಟ್ಟಿದಂತಾಗುತ್ತದೆ. ಗೊತ್ತಿದ್ದೇ ಒಪ್ಪಿದೆ. ಇಬ್ಬರ ಸಹಿ ಬೇಕೆಂದಾಗ ಅಣ್ಣ ಬೆಂಗಳೂರಿಗೆ ಹೋಗಿ ಅವರ ಸಹಿ ಹಾಕಿಸಿಕೊಂಡು ಬಂದ. ಅಮ್ಮ ಕೊಟ್ಟಿದ್ದ ಓಲೆ ಜುಮಕಿ ಮಾರಿ ಎರಡು ಕಂತು, ಕಾಲೇಜು ಶುಲ್ಕ ಕಟ್ಟಿದೆ. ಅಂಗಡಿಯಿಂದ ಹೊರಗೆ ಬರುವಾಗ ಕಿವಿ ಮುಟ್ಟಿ ನೋಡಿಕೊಂಡೆ. ನೋವಾಗಲಿಲ್ಲ ಎಂದರೆ ಸುಳ್ಳು.

ಆಮೇಲೆ ಮಾಡಿದ ಕೆಲಸ ನೆರೆಯವರ ಕಣ್ಣಿಗೆ ಬೀಳುವಂಥದ್ದು. ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಟ್ಟೆವು. ಹಿಂದಿನ ಎರಡು ಕೋಣೆಗೆ ನಾವು ಬಂದೆವು; ಉಗ್ರಾಣವೇ ಅಡಿಗೆಮನೆ. ನಾನೇ ಬಣ್ಣ ಆರಿಸಿ ಹೊಡೆಸಿದ ನಡುಮನೆಯಲ್ಲಿ ಈಗ ಶಾಲೆಯ ಮೇಷ್ಟ್ರು ದಂಪತಿಗಳಿದ್ದಾರೆ. ಬಾಡಿಗೆ 6,500, ಮುಂಗಡ 50,000. ಎದುರು ಮನೆಯವರು ಕೇಳಿದರು, "ಯಾಕ್ರೀ, ಯಜಮಾನರು ಬರಲ್ವಾ?" ಒಂದೂವರೆ ವರ್ಷದಲ್ಲಿ ಮೊದಲ ಸಲ "ಇಲ್ಲ ರೀ, ಬರಲ್ಲ" ಅಂದೆ. ಆಕಾಶ ಬೀಳಲಿಲ್ಲ. ಆಕೆ ಒಳಗೆ ಹೋಗಿ ಹೊಲಿಯಲು ನಾಲ್ಕು ರವಿಕೆ ಬಟ್ಟೆ ತಂದುಕೊಟ್ಟರು.

ಮುಂಗಡದ ಹಣ ನಮ್ಮದಲ್ಲ, ನೆನಪಿಡಿ. ಅದೂ ಸಾಲವೇ, ಬಡ್ಡಿ ಇಲ್ಲದ ಸಾಲ. ಬಾಡಿಗೆಯವರು ಬಿಡುವ ದಿನ ಕೊಡಬೇಕು. ಅದಕ್ಕೇ ಪುಸ್ತಕದಲ್ಲಿ ಅದಕ್ಕೊಂದು ಸಾಲು ಬರೆದೆ. ಆ ಐವತ್ತಕ್ಕೆ ಅಣ್ಣನ ಹತ್ತು ಸೇರಿಸಿ ಮೂರು ರೂಪಾಯಿ ಬಡ್ಡಿಯ ಕೈಸಾಲವನ್ನು ಒಂದೇ ದಿನ ತೀರಿಸಿದೆ. ಚೆಕ್ಕುಗಳನ್ನು ವಾಪಸು ಪಡೆದು ಅಲ್ಲೇ ಹರಿದು ಹಾಕಿದೆ. ಸಾಲ ತೀರಿಸಿದಾಗ ಚೆಕ್ಕು, ಪತ್ರ, ರಸೀದಿ ಪಡೆಯದೆ ಮನೆಗೆ ಬರಬೇಡಿ. ಖಾಲಿ ಚೆಕ್ಕಿಗೆ ಸಹಿಯನ್ನಂತೂ ಯಾರಿಗೂ ಕೊಡಬೇಡಿ. ಬಡ್ಡಿ ವ್ಯವಹಾರ ನಡೆಸುವವರಿಗೆ ನಮ್ಮ ರಾಜ್ಯದ 1961ರ ಲೇವಾದೇವಿ ಕಾಯ್ದೆಯಂತೆ ಪರವಾನಗಿ ಬೇಕು. ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ತೀರಿಸುವ ಕ್ರಮ ಹೀಗಿರಲಿ. ಮನೆಯನ್ನು ಅಡವಿಟ್ಟ ಸಾಲದ ಕಂತು ಮೊದಲು, ಅದರ ಬಡ್ಡಿ ಕಡಿಮೆಯಾದರೂ ಸೂರು ಅದರ ಕೈಯಲ್ಲಿದೆ. ಉಳಿದವುಗಳಿಗೆ ಕಟ್ಟಲೇಬೇಕಾದಷ್ಟು ಕಟ್ಟಿ, ಮಿಕ್ಕ ಪ್ರತಿ ರೂಪಾಯಿಯನ್ನೂ ಬಡ್ಡಿ ಹೆಚ್ಚಿರುವುದಕ್ಕೆ ಹಾಕಿ. ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಕೊಡುವುದು ನಾನು ಮಾಡಿದ ತಪ್ಪು. ಕೂಗುವವರಿಗೂ ಮಿತಿ ಇದೆ. ಬ್ಯಾಂಕು, ಹಣಕಾಸು ಸಂಸ್ಥೆಗಳ ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಿ ಪೀಡಿಸಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕಿರುಸಾಲದ ವಸೂಲಿಗೆ ಬಲವಂತ, ಬೆದರಿಕೆ ಮಾಡುವವರನ್ನು ಶಿಕ್ಷಿಸಲು 2025ರಲ್ಲಿ ಕರ್ನಾಟಕದಲ್ಲೇ ಕಾನೂನು ಬಂದಿದೆ.

ಇನ್ನು ಯಜಮಾನರ ಪಾಲು. ಬಿಟ್ಟುಹೋದವರ ಹಣ ಬೇಡ ಎಂಬ ಹಟ ನನಗೂ ಇತ್ತು. ಅಣ್ಣ ಒಪ್ಪಲಿಲ್ಲ, "ನಿನಗೆ ಬೇಡ ಸರಿ, ಮಗೂಗೂ ಬೇಡ್ವಾ?" ಅಂದ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋದೆವು. 1987ರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರ ನೆರವು ಉಚಿತ. 15100 ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು. ಜೀವನಾಂಶಕ್ಕೆ ನಾನು ಅರ್ಜಿ ಹಾಕಿದಾಗ ಅದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಹಕ್ಕು 144ನೇ ಕಲಮಿನಲ್ಲಿದೆ. ರಾಜಿಯಾಗಿ ಐದು ಸಾವಿರ ಪ್ರತಿ ತಿಂಗಳೂ ತಪ್ಪದೆ ಖಾತೆಗೆ ಬರುವಂತಾಯಿತು. ಮೊತ್ತ ಅದೇ. ಆದರೆ ಮನಸ್ಸು ಬಂದಾಗ ಬರುವ ಐದಕ್ಕೂ ತಾರೀಕಿಗೆ ಬರುವ ಐದಕ್ಕೂ ಬಹಳ ವ್ಯತ್ಯಾಸ.

ಮನೆ ಯಜಮಾನರೊಬ್ಬರ ಹೆಸರಿನಲ್ಲೇ ಇರುವ ಸೋದರಿಯರೂ ಧೈರ್ಯಗೆಡಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಂಡತಿಗೆ ಕೊಡುತ್ತದೆ. ಯಾರ ಹೆಸರಿನಲ್ಲಿದ್ದರೂ ಉಪನೋಂದಣಿ ಕಚೇರಿಯಿಂದ ಮನೆಯ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ ನೋಡಿ. ನಿಮಗೆ ತಿಳಿಯದೆ ನೋಂದಣಿಯಾದ ಅಡಮಾನ, ಮಾರಾಟ ಇದ್ದರೆ ಅದರಲ್ಲಿ ಕಾಣುತ್ತದೆ.

ನಮ್ಮ ಹೊಸ ಲೆಕ್ಕವನ್ನೂ ಕೇಳಿ. ಬಾಡಿಗೆ, ಹೊಲಿಗೆ, ಜೀವನಾಂಶ, ಜೊತೆಗೆ ಕೋಡುಬಳೆ ಚಕ್ಕುಲಿ ಮಾಡಿಕೊಟ್ಟು ಬರುವ ಮೂರು ಸಾವಿರ, ಒಟ್ಟು 21,500. ಅಂಗಡಿ ಬಾಕಿಗೆ ಕಟ್ಟುವ ಸಾವಿರವೂ ಸೇರಿ ಸಾಲಗಳಿಗೆ 15,800. ಉಳಿದ 5,700ರಲ್ಲಿ ಇಬ್ಬರ ಊಟ, ಖರ್ಚು. ಆ ವರ್ಷ ನಮ್ಮ ಒಲೆಯ ಮೇಲೆ ಹೆಚ್ಚು ಬೆಂದದ್ದು ಹುರುಳಿಕಾಳು. ಕಾಳು ಬೇಯಿಸಿ ಕಟ್ಟು ಬಸಿದು, ಕಟ್ಟಿಗೆ ಹುಣಸೆ, ಬೆಳ್ಳುಳ್ಳಿ, ಸಾರಿನಪುಡಿ ಹಾಕಿ ಕುದಿಸಿ, ಕಾಳಿಗೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಒಂದು ಪಾವಿನಲ್ಲಿ ಸಾರು, ಪಲ್ಯ ಎರಡೂ ಆಯಿತು. ಮುದ್ದೆಗೆ ಅದಕ್ಕಿಂತ ಬೇರೆ ಬೇಡ.

2023ರಲ್ಲಿ ಚೀಟಿ ಮುಗಿಯಿತು. ಮುಂದಿನ ವರ್ಷ ಗುಂಪಿನ ಸಾಲ ತೀರಿತು. ಆಮೇಲೆ ಸರ ಬಿಡಿಸಿಕೊಂಡು ಬಂದೆ. ಮನೆಸಾಲ ಇನ್ನೂ ಇದೆ, ಬಹಳ ವರ್ಷ ಇರುತ್ತದೆ. ಮಗಳು ಬಿ.ಕಾಂ. ಓದುತ್ತಿದ್ದಾಳೆ, ಪುಸ್ತಕದ ಲೆಕ್ಕ ಈಗ ಅವಳದೇ.

ಕೊನೆಯದಾಗಿ ಒಂದು ಕಹಿ ಮಾತು. ಎಲ್ಲರ ಲೆಕ್ಕವೂ ನನ್ನದರಂತೆ ಕೂಡಿಬರುವುದಿಲ್ಲ. ಬಾಡಿಗೆ ಬಂದರೂ, ಕಂತು ಇಳಿದರೂ, ತಿಂಗಳ ಕೊನೆಗೆ ಹಳ್ಳ ಉಳಿದೇ ಉಳಿದರೆ, ಬ್ಯಾಂಕು ಹರಾಜಿಗೆ ಇಡುವ ಮೊದಲೇ ಇಬ್ಬರೂ ಸಹಿ ಹಾಕಿ ನೀವೇ ಮಾರುವುದು ಮೇಲು. ನಾವೇ ನಿಂತು ಬೆಲೆ ಮಾತಾಡಿದರೆ ಸಾಲ ತೀರಿ ಕೈಗೆ ನಾಲ್ಕು ಕಾಸು ಉಳಿಯಬಹುದು. ಗೋಡೆ ಉಳಿಸಲು ಹೋಗಿ ಒಳಗಿರುವವರು ಸೊರಗಬಾರದು. ಬಾಡಿಗೆ ಮನೆಯಲ್ಲೂ ಒಲೆ ಉರಿಯುತ್ತದೆ.

ಪತ್ರ ಬರೆದ ತಂಗೀ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ: ಇನ್ನೊಂದು ಸಾಲ ಮಾಡಬೇಡ, ಇರುವ ಸಾಲವನ್ನು ಬಯಲಿಗೆ ಹಾಕು. ಇವತ್ತು ರಾತ್ರಿ ಪಾತ್ರೆ ತೊಳೆದು ಮುಗಿಸಿದ ಮೇಲೆ ಒಂದು ನೋಟ್ ಪುಸ್ತಕ ತೆಗೆದುಕೋ. ನಾಳೆ ನಿನ್ನವರು ಯಾರಾದರೂ ಒಬ್ಬರಿಗೆ ಹೇಳು. ನಾಡಿದ್ದು ಬ್ಯಾಂಕಿಗೆ ಹೋಗು. ನನಗೆ ಬರೆದಿದ್ದೀಯಲ್ಲ, ಹೇಳುವುದನ್ನು ಆಗಲೇ ಶುರುಮಾಡಿದ ಹಾಗೆಯೇ.

ಹಪ್ಪಳ, ಸಂಡಿಗೆ ಮುಂದಿನ ಸಂಚಿಕೆಗೆ, ಖಂಡಿತ.